ಪೂರ್ವಪಕ್ಷವೂ ಸಿದ್ಧಾಂತವೂ: ಆದಿಕ್ರೈಸ್ತರ ಗ್ರಂಥನಿರ್ಣಯ

ಕ್ರೈಸ್ತಮತವು ಆದಿಯಿಂದಲೂ ಏಕರೂಪವಾಗಿದ್ದಿತೆಂದು ಹಲವರು ಭಾವಿಸುವರು. ಮೊದಲ ಮೂರು ಶತಮಾನಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲದು. ಯೆಹೂದ್ಯರ ಧರ್ಮವಿಧಿಗಳನ್ನು ಬಿಡದೆಯೇ ಯೇಸುವನ್ನು ನಂಬಿದವರು ಆಗ ಇದ್ದರು. ಗೂಢಜ್ಞಾನದಿಂದಲೇ ಮುಕ್ತಿಯೆಂದವರೂ ಇದ್ದರು.

ಇಂತಹವರಲ್ಲಿ ಕಪ್ಪುಸಮುದ್ರತೀರದ ಸಿನೋಪೆಯ ಮಾರ್ಸಿಯನನ ವೃತ್ತಾಂತವು ಗಮನಾರ್ಹವಾದುದು. ಹಡಗಿನ ಒಡೆಯನಾದ ಈತನು ರೋಮಿನ ಸಭೆಗೆ 2,00,000 ನಾಣ್ಯಗಳನ್ನು ಕಾಣಿಕೆಯಿತ್ತನು. ಯೆಹೂದ್ಯಶಾಸ್ತ್ರದ ಸೃಷ್ಟಿಕರ್ತನೇ ಬೇರೆ, ಯೇಸುವಿನ ಕರುಣಾಮಯ ತಂದೆಯೇ ಬೇರೆ ಎಂಬುದು ಈತನ ವಾದ. ಸುಮಾರು ಕ್ರಿ. ಶ. 144ರಲ್ಲಿ ಸಭೆಯವರು ಕಾಣಿಕೆಯನ್ನು ಹಿಂದಿರುಗಿಸಿ ಈತನನ್ನು ಬಹಿಷ್ಕರಿಸಿದರು. ಈತನು ಲೂಕನ ಸುವಾರ್ತೆಯನ್ನು ಹೋಲುವ ಒಂದು ಸುವಾರ್ತೆಯೂ ಪೌಲನ ಹತ್ತು ಪತ್ರಗಳೂ ಮಾತ್ರವೇ ಪ್ರಮಾಣವೆಂದನು. ನಮಗೆ ತಿಳಿದಮಟ್ಟಿಗೆ ಕ್ರೈಸ್ತಗ್ರಂಥಗಳಿಗೆ ಮೊದಲು ಎಲ್ಲೆಕಟ್ಟಿದವನು ಬಹಿಷ್ಕೃತನಾದ ಈತನೇ!

ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲವಷ್ಟೆ. ಸುಮಾರು 180ರಲ್ಲಿ ಐರೇನಿಯಸನು ಸುವಾರ್ತೆಗಳು ನಾಲ್ಕೇ ಎಂದು ಸಾಧಿಸಿದನು. 367ರಲ್ಲಿ ಅಲೆಕ್ಸಾಂಡ್ರಿಯದ ಅಥನಾಸಿಯಸನು ಇಂದಿನ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನೇ ಹೆಸರಿಸಿದನು.

ಮಾರ್ಸಿಯನನ ಗ್ರಂಥವು ಮೂಲರೂಪದಲ್ಲಿ ಉಳಿಯಲಿಲ್ಲ. ಅದನ್ನು ಖಂಡಿಸಿದವರ ಬರೆಹಗಳಿಂದಲೇ ಅದರ ಸ್ವರೂಪವನ್ನು ಊಹಿಸಬೇಕು. ಗೂಢಜ್ಞಾನಿಗಳ ಭಾಗ್ಯವು ಮೇಲು: 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ನೆಲದಲ್ಲಿ ಹೂತಿದ್ದ ಜಾಡಿಯೊಂದರಲ್ಲಿ ಕಾಪ್ಟಿಕ್ ಭಾಷೆಯ 13 ಹೊತ್ತಗೆಗಳು ದೊರೆತುವು. ಪೂರ್ವಪಕ್ಷವನ್ನು ಅದರ ಬಾಯಿಂದಲೇ ಕೇಳಿದ ಮೇಲಲ್ಲವೆ ಸಿದ್ಧಾಂತದ ಪೂರ್ಣಾರ್ಥವು ತಿಳಿಯುವುದು?