ಏಣು ಕರಗಿಸುವ ಲೆಕ್ಕ

ಬಬಲೇಶ್ವರದಿಂದ ವಿಜಯಪುರಕ್ಕೆ ಹೋದಾಗ ಮೆಹ್ತರ್ ಮಹಲಿನ ಮುಂದೆ ನಿಲ್ಲದೆ ಬಂದವನಲ್ಲ ನಾನು. ಹೊರಚಾಚಿದ ಬಾಲ್ಕನಿ ಹೊತ್ತ ಆ ಮದನಕೈಗಳನ್ನು ನೋಡಿದರೆ ಮರದಲ್ಲಿ ಕೆತ್ತಿದಂತಿವೆ, ಆದರೆ ಅದು ಕಲ್ಲು. ಕಂಪ್ಯೂಟರಿನಲ್ಲಿ ಇಂಥವನ್ನು ಮೂಡಿಸುವುದೇ ನನ್ನ ಹೊಟ್ಟೆಪಾಡು. ಕಲಿಯಲು ಬರುವ ಹುಡುಗರ ದೂರು ಒಂದೇ: "ಅಣ್ಣಾ, ಡಿವೈಡ್ ಒತ್ತಿದ್ರ ಏಣೆಲ್ಲಾ ಕರಗಿ ಹೋಗ್ತಾವ. ಸಾಫ್ಟ್‌ವೇರ್ ಕೆಟ್ಟೈತೇನು?"

ಕೆಟ್ಟಿಲ್ಲ. ಮೇಲ್ಮೈಯ ಮುಖಗಳನ್ನು ಒಡೆದು ಹೆಚ್ಚಿಸುವ ಡಿವೈಡ್‌ನ ಹುಟ್ಟುಗುಣವೇ ಅದು.

ಗೆರೆಯ ಮೂಲೆಗಳನ್ನು ಮತ್ತೆಮತ್ತೆ ಕತ್ತರಿಸುತ್ತ ಹೋದರೆ ನುಣುಪಾದ ಬಾಗು ಸಿಗುತ್ತದೆಂದು 1974ರಲ್ಲಿ ಜಾರ್ಜ್ ಚೈಕಿನ್ ತೋರಿಸಿದರು. ಅದೇ ಜಾಡನ್ನು ಮೇಲ್ಮೈಗೆ ತಂದವರು ಎಡ್ವಿನ್ ಕ್ಯಾಟ್ಮಲ್ ಮತ್ತು ಜೇಮ್ಸ್ ಕ್ಲಾರ್ಕ್, 1978ರಲ್ಲಿ. ಡೂ ಮತ್ತು ಸಬಿನ್ ಕೂಡ ಅದೇ ವರ್ಷ ತಮ್ಮದೇ ದಾರಿ ಹಿಡಿದಿದ್ದರು. ಕ್ಯಾಟ್ಮಲ್–ಕ್ಲಾರ್ಕ್ ನಿಯಮದಲ್ಲಿ ಹೊಸ ಬಿಂದುಗಳಷ್ಟೇ ಹುಟ್ಟುವುದಿಲ್ಲ, ಹಳೆಯವೂ ನೆರೆಹೊರೆಯ ಸರಾಸರಿಯತ್ತ ಸರಿಯುತ್ತವೆ. ಆರು ಮುಖದ ಘನವೊಂದು 24, 96, 384 ಮುಖಗಳಾಗುತ್ತ ಉಂಡೆಯಾಗುವುದು ಇದರಿಂದಲೇ. ಮೂಲೆ ಬೇಕೋ ಬೇಡವೋ ಎಂದು ಆ ಲೆಕ್ಕ ಕೇಳುವುದಿಲ್ಲ.

ಮೂಲೆ ಬೇಕೆಂದು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಸಿನಿಮಾದವರಿದ್ದರು. ಪಿಕ್ಸಾರ್‌ನ 1997ರ 'ಜೆರೀಸ್ ಗೇಮ್' ಕಿರುಚಿತ್ರದಲ್ಲಿ ಮುದುಕನ ತಲೆ, ಕೈ, ಕೋಟು, ಬೂಟುಗಳೆಲ್ಲ ಈ ವಿಧಾನದಲ್ಲೇ ಮೂಡಿದವು. ಉಗುರಿನ ಅಂಚು, ಬಟ್ಟೆಯ ಹೊಲಿಗೆ ಮಾತ್ರ ಕರಗಬಾರದಲ್ಲ! ಕೆಲವು ಹಂತಗಳವರೆಗೆ ಏಣು ಕಾಯ್ದು ಆಮೇಲೆ ಸಡಿಲಿಸುವ ನಿಯಮವನ್ನು ಟೋನಿ ಡಿರೋಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಶಿಲ್ಪಿಯಾಗಿ ನನಗೆ ದೊಡ್ಡದೆನಿಸುವ ಹೆಜ್ಜೆ ಇದು.

ಕೆತ್ತುವಾಗ ಒರಟು ಹಂತಕ್ಕೂ ಸೂಕ್ಷ್ಮ ಹಂತಕ್ಕೂ ಏರಿ ಇಳಿಯುವ ಕೆಲಸದ ಬೇರು ಇನ್ನೊಂದೆಡೆ ಇದೆ. ಝೋರಿನ್, ಶ್ರೋಡರ್, ಸ್ವೆಲ್ಡೆನ್ಸ್ ಎಂಬ ಮೂವರ 1997ರ ಪದ್ಧತಿಯಲ್ಲಿ ಮೇಲಿನ ಹಂತದಿಂದ ಕೆಳಗಿಳಿಯುವಾಗ ಮೇಲ್ಮೈಯನ್ನು ಮೊದಲು ನುಣುಪು ಮಾಡುತ್ತಾರೆ, ಬಿಟ್ಟುಹೋದ ಸೂಕ್ಷ್ಮವನ್ನು ಆ ನುಣುಪಿನಿಂದ ಸರಿದ ದೂರವೆಂದು ಬರೆದಿಡುತ್ತಾರೆ. ಕೆತ್ತನೆಯನ್ನು ಬೇರೆಯಾಗಿ ಹಿಡಿದಿಡುವ ಲೇಯರ್ ಕೂಡ ಇಂಥ ದೂರದ ದಾಖಲೆಯೇ. ಅಳೆಯುವ ನೆಲವೇ ಕೆಳಗೆ ಸರಿದರೆ ಮೇಲಿನ ಕೆತ್ತನೆಯೂ ಅದರೊಂದಿಗೆ ಬಾಗುತ್ತದೆ. ಲೇಯರ್ ಕೈಕೊಟ್ಟಿತೆಂದು ಬೈಯುವವರು ಮೊದಲು ಕೆಳಗಿನ ಹಂತ ನೋಡಬೇಕು.

ಮೆಹ್ತರ್ ಮಹಲಿನ ಕಲ್ಲುಕುಟಿಗನಿಗೆ ಈ ಪೇಚಾಟ ಇರಲಿಲ್ಲ. ಚಾಣ ತಾಗದ ಕಡೆ ಕಲ್ಲು ತಾನಾಗಿ ದುಂಡಗಾಗುವುದಿಲ್ಲ. ಅವನು ತೆಗೆಯುತ್ತ ಹೋದ, ನಾವು ಸರಾಸರಿ ಮಾಡಿ ಸೇರಿಸುತ್ತ ಹೋಗುತ್ತೇವೆ.

ಹುಡುಗರಿಗೆ ನಾನು ಹೇಳುವುದು ಇಷ್ಟು. ಮದನಕೈಯಂಥ ಚೂಪು ಆಕಾರಕ್ಕೆ ಮೊದಲ ಎರಡು ಮೂರು ಹಂತಗಳನ್ನು ನುಣುಪಿಲ್ಲದೆ ಹೆಚ್ಚಿಸಿ. ಝೀಬ್ರಷ್ ಸಾಫ್ಟ್‌ವೇರ್‌ನಲ್ಲಿ ಸ್ಮೂತ್ ಗುಂಡಿ ಆಫ್ ಮಾಡಿದರಾಯಿತು, ಬ್ಲೆಂಡರ್‌ನ ಮಲ್ಟಿರೆಸ್‌ನಲ್ಲಿ ಸಿಂಪಲ್ ಆಯ್ಕೆ ಇದೆ. ಬೇಕಾದ ಅಂಚಿಗೆ ಕ್ರೀಸ್, ಅಂದರೆ ಏಣು ಕಾಯುವ ಗುರುತು, ಹಾಕಿ. ಕೆಳಗಿನ ಹಂತದ ದೊಡ್ಡ ಆಕಾರ ನೆಟ್ಟಗಾದ ಮೇಲಷ್ಟೇ ಲೇಯರ್ ತೆರೆಯಿರಿ, ಅದಕ್ಕೂ ಮುಂಚೆ ಫೈಲಿನ ಒಂದು ಪ್ರತಿ ಉಳಿಸಿಟ್ಟುಕೊಳ್ಳಿ.