ಬೆಳಗಾವಿ ಪೇಟೆಯ ಹಳೆಯ ಬ್ಯಾಂಕ್ ಕಟ್ಟಡಗಳು ಹಾಗೂ ಆರಂಭಿಕ ಕಾಂಕ್ರೀಟ್ ನಿರ್ಮಾಣ

ಬೆಳಗಾವಿ ನಗರ ಹಾಗೂ ಖಾನಾಪುರದಲ್ಲಿ ಹಳೆಯ ವಾಣಿಜ್ಯ ಕಟ್ಟಡಗಳ ದುರಸ್ತಿ ಅಥವಾ ಮಾರ್ಪಾಡಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಹಿನ್ನೆಲೆ

ಈ ಭಾಗದ ಸಾಂಪ್ರದಾಯಿಕ ಕಟ್ಟಡಗಳು ಕಲ್ಲು ಇಲ್ಲವೆ ಜಂಬಿಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಸಾಗುವಾನಿ ತೊಲೆ ಮತ್ತು ಹಂಚಿನ ಮಾಡನ್ನು ಹೊಂದಿದ್ದವು. ಮರವು ಖಾನಾಪುರದ ಕಾಡುಗಳಿಂದ ದೊರೆಯುತ್ತಿತ್ತು. ಅಲ್ಲಿಯ ಜೇಡಿಮಣ್ಣು ಹಂಚು ಮತ್ತು ಕುಂಬಾರಿಕೆಗೆ ಹೆಸರಾದುದು. ಭಾರತದಲ್ಲಿ ಸಿಮೆಂಟ್ ತಯಾರಿಕೆಯ ಮೊದಲ ಪ್ರಯತ್ನ 1904ರಲ್ಲಿ ಮದರಾಸಿನಲ್ಲಿ ನಡೆಯಿತಾದರೂ, 1914ರಲ್ಲಿ ಪೋರಬಂದರಿನ ಕಾರ್ಖಾನೆ ಆರಂಭವಾದ ನಂತರವೇ ದೇಶೀಯ ಸಿಮೆಂಟ್ ನಿಯತವಾಗಿ ದೊರೆಯತೊಡಗಿತು.

ಇದೇ ಅವಧಿಯಲ್ಲಿ ಬ್ಯಾಂಕುಗಳೂ ಬೆಳೆದವು. 1904ರ ಸಹಕಾರಿ ಪತ್ತಿನ ಸಂಘಗಳ ಅಧಿನಿಯಮದ ಮೇರೆಗೆ 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದ ಬ್ಯಾಂಕ್ ಆಫ್ ಬಾಂಬೆ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ವಿಲೀನಗೊಂಡು, ಅದು 1955ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕ್ ಆಯಿತು.

ಹಣ, ಒಡವೆ ಮತ್ತು ದಸ್ತಾವೇಜುಗಳನ್ನು ಬೆಂಕಿ ಹಾಗೂ ಕಳವಿನಿಂದ ಕಾಯಬೇಕಾದ ಸಂಸ್ಥೆಗೆ ಮರದ ತೊಲೆಯ ಮಾಡು ಸಾಲದು. ಭದ್ರತಾ ಕೊಠಡಿಗೆ ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟ್ ಹೆಚ್ಚು ಯೋಗ್ಯವಾಗಿತ್ತು. ಆದ್ದರಿಂದ ಹೊರಗೋಡೆ ಕಲ್ಲಿನದೆಂಬ ಮಾತ್ರಕ್ಕೆ ಹಳೆಯ ಬ್ಯಾಂಕ್ ಕಟ್ಟಡದಲ್ಲಿ ಕಾಂಕ್ರೀಟ್ ಇಲ್ಲವೆಂದು ಭಾವಿಸತಕ್ಕದ್ದಲ್ಲ.

ದುರಸ್ತಿಗೆ ಮುನ್ನ

ಕಾಂಕ್ರೀಟ್ ವಿನ್ಯಾಸದ ಭಾರತೀಯ ಮಾನಕ ಐಎಸ್ 456 ಮೊದಲು ಪ್ರಕಟವಾದುದು 1953ರಲ್ಲಿ. ಅದಕ್ಕೂ ಹಿಂದಿನ ಕಟ್ಟಡಗಳಲ್ಲಿ ಸರಳುಗಳ ಮೇಲಿನ ಹೊದಿಕೆ ತೆಳುವಾಗಿರಬಹುದು. ಹೊಸ ಕಾಂಕ್ರೀಟಿನ ಕ್ಷಾರಗುಣವು ಸರಳನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸೇರಿದಂತೆ ಆ ಗುಣ ಕುಂದುತ್ತದೆ. ಬಳಿಕ ತೇವ ತಗುಲಿದರೆ ಸರಳು ತುಕ್ಕು ಹಿಡಿದು ಹಿಗ್ಗಿ, ಹೊದಿಕೆಯನ್ನು ಸೀಳುತ್ತದೆ. ಪಶ್ಚಿಮ ಘಟ್ಟದ ಮಳೆ ಬೀಳುವ ಖಾನಾಪುರದಲ್ಲಿ ಇದನ್ನು ಲಘುವಾಗಿ ಕಾಣುವಂತಿಲ್ಲ. ಬಿರುಕಿನ ಮೇಲೆ ಗಿಲಾವು ಮಾಡಿ ಮುಚ್ಚುವುದು ದುರಸ್ತಿಯಲ್ಲ, ದೋಷವನ್ನು ಮರೆಮಾಡುವುದಷ್ಟೆ. ಸ್ಟ್ರಕ್ಚರಲ್ ಇಂಜಿನಿಯರರಿಂದ ಪರೀಕ್ಷೆ ಮಾಡಿಸದೆ ಕಂಬ ಅಥವಾ ತೊಲೆಯನ್ನು ಕತ್ತರಿಸಬಾರದು.

ಕಟ್ಟಡದ ಕಾಲವನ್ನು ತಿಳಿಯುವುದು

ಕಟ್ಟಡದ ವಯಸ್ಸು ಕೇವಲ ಕುತೂಹಲದ ವಿಷಯವಲ್ಲ. ಬೆಳಗಾವಿ ಕೋಟೆಯೊಳಗಿನ ಜೈನ ಬಸದಿಯು ಕೇಂದ್ರ ಸಂರಕ್ಷಿತ ಸ್ಮಾರಕವಾಗಿರುತ್ತದೆ. 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಇಂತಹ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯವಾಗಿದೆ. ನಿಷೇಧಿತ ವಲಯದಲ್ಲಿ 16 ಜೂನ್ 1992ಕ್ಕೆ ಮುಂಚೆ ಇದ್ದ ಕಟ್ಟಡದ ಮಾಲೀಕರು ದುರಸ್ತಿ ಅಥವಾ ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಕಟ್ಟಡದ ಹಳಮೆಯನ್ನು ತೋರಿಸುವ ಕಾಗದಪತ್ರಗಳೇ ಮುಖ್ಯ ಆಧಾರ.

ಸಿಟಿ ಸರ್ವೆ ದಾಖಲೆ, ನೋಂದಾಯಿತ ಕ್ರಯಪತ್ರ, ಹಳೆಯ ತೆರಿಗೆ ರಸೀದಿ ಹಾಗೂ ಮಂಜೂರಾದ ನಕ್ಷೆ ಈ ವಿಷಯದಲ್ಲಿ ನೆರವಾಗುತ್ತವೆ. ನಗರದ ಅರ್ಜಿದಾರರು ಮೊದಲು ಸಿಟಿ ಸರ್ವೆ ಕಚೇರಿ ಮತ್ತು ಮಹಾನಗರ ಪಾಲಿಕೆಯಲ್ಲಿ, ಖಾನಾಪುರದವರು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ, ಅದಕ್ಕೂ ಹಿಂದಿನ ಸರ್ಕಾರಿ ಕಡತಗಳನ್ನು ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕಾಗಬಹುದು. ಸಾರ್ವಜನಿಕ ಕಚೇರಿಯಲ್ಲಿರುವ ದಾಖಲೆಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದಾಗಿದೆ.