ಇಳಿಯುವ ದಾರಿ, ಏರುವ ಭಾರ

ಬೆಳೆದುದನ್ನು ಮುಂದಿನ ದಿನಗಳಿಗಾಗಿ ಕೂಡಿಡಬೇಕೆಂಬ ವಿವೇಕವು ಮನುಷ್ಯನಿಗೆ ಕೃಷಿಯಷ್ಟೇ ಪುರಾತನವಾದುದು. ಬಯಲುಸೀಮೆಯ ರೈತನು ಜೋಳ ರಾಗಿಗಳಿಗಾಗಿ ನೆಲದಲ್ಲಿ ಹಗೇವನ್ನು ತೋಡಿದನು. ಮಲೆನಾಡಿನವನು ಭತ್ತಕ್ಕಾಗಿ ಕಣಜವನ್ನು ಕಟ್ಟಿದನು. ಕರಾವಳಿಯ ಗೃಹಸ್ಥನು ಮರದ ಹಲಗೆಗಳನ್ನು ಬೆಸೆದು ಪತ್ತಾಯವನ್ನು ಮಾಡಿಸಿ ಮನೆಯ ಒಳಗೆ ಇರಿಸಿಕೊಂಡನು. ಈ ಸಂಗ್ರಹಪಾತ್ರಗಳೆಲ್ಲಕ್ಕೂ ಸಮಾನವಾದ ಲಕ್ಷಣವೊಂದುಂಟು: ಅವು ಹುಟ್ಟಿದ ಎಡೆಯಲ್ಲಿಯೇ ನಿಂತು, ಅಲ್ಲಿಯೇ ಹಳತಾಗಿ, ಅಲ್ಲಿಯೇ ಅಳಿದುವು. ಧಾನ್ಯವು ಪ್ರಯಾಣ ಮಾಡಬೇಕಾಗಿ ಬಂದಾಗ ಅದನ್ನು ಮುಡಿಗಳಾಗಿ ಕಟ್ಟಿ, ಗೋಣಿಗಳಲ್ಲಿ ತುಂಬಿ, ಒಬ್ಬ ಆಳಿನ ತಲೆಗೋ ಒಂದು ಎತ್ತಿನ ಬೆನ್ನಿಗೋ ಸಲ್ಲುವ ಪ್ರಮಾಣಕ್ಕೆ ವಿಭಾಗಿಸಿ ಸಾಗಿಸುತ್ತಿದ್ದರು. ಟ್ಯಾಂಕು, ಸೈಲೊಗಳಂತಹ ಕೂಡಿಡುವ ಪಾತ್ರವೇ ಸಮುದ್ರವನ್ನು ದಾಟಿ, ಬಂದರಿನಲ್ಲಿ ಇಳಿದು, ನೂರಾರು ಮೈಲಿಗಳ ರಸ್ತೆಯನ್ನು ಕ್ರಮಿಸಿ ತನ್ನ ಸ್ಥಾನವನ್ನು ಸೇರುವ ವಿಚಿತ್ರ ಸಂಗತಿಯು ಯಂತ್ರಯುಗದ ಸೃಷ್ಟಿಯಾಗಿದ್ದು, ಕನ್ನಡ ನಾಡಿನ ಮಟ್ಟಿಗೆ ಅದರ ಚರಿತ್ರೆಯನ್ನು ಅರಿಯಬೇಕಾದರೆ ಮೊದಲು ಘಟ್ಟದ ದಾರಿಗಳ ಚರಿತ್ರೆಯನ್ನು ಅರಿಯಬೇಕು.

ಪಶ್ಚಿಮ ಘಟ್ಟದ ದಾರಿಗಳು ಮೂಲತಃ ಇಳಿಯುವ ಸರಕಿಗಾಗಿ ಹುಟ್ಟಿದ ದಾರಿಗಳು. ಹೇರೆತ್ತುಗಳ ಸಾಲುಗಳು ಮೆಣಸು, ಅಡಕೆ, ಅಕ್ಕಿಗಳನ್ನು ಹೊತ್ತು ಕಡಲಿನತ್ತ ಇಳಿದು, ಮರಳುವಾಗ ಉಪ್ಪು, ತೆಂಗು, ಒಣಮೀನುಗಳನ್ನು ತರುತ್ತಿದ್ದ ಕಾಲುದಾರಿಗಳೇ ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡಿಯ ರಸ್ತೆಗಳಾಗಿ ಅಗಲವಾದುವು. ಧಾರವಾಡ ಸೀಮೆಯ ಹತ್ತಿಯು ದೇವಿಮನೆ ಘಟ್ಟವನ್ನು ಇಳಿದು ಕುಮಟೆಗೆ ಬರುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ದುರ್ಲಭವಾದಾಗ ಈ ಮಾರ್ಗಕ್ಕೆ ಹಿಂದೆಂದೂ ಇಲ್ಲದ ಮಹತ್ವವು ಪ್ರಾಪ್ತವಾಯಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿಯು ಸಂಪಾಜೆ, ಚಾರ್ಮಾಡಿಗಳ ಮೂಲಕ ಮಂಗಳೂರಿನ ಸಂಸ್ಕರಣಶಾಲೆಗಳನ್ನು ಸೇರುತ್ತಿತ್ತು. ಹತ್ತಿಯ ಅಂಡಿಗೆಯಾಗಲಿ ಕಾಫಿಯ ಮೂಟೆಯಾಗಲಿ ವಿಭಾಜ್ಯವಾದ ಸರಕು. ದಾರಿ ಕಿರಿದಾದರೆ ಹೊರೆಯನ್ನು ಕಿರಿದು ಮಾಡಬಹುದು, ತಿರುವು ಕಠಿನವಾದರೆ ಬಂಡಿಗಳ ಸಂಖ್ಯೆಯನ್ನು ಹೆಚ್ಚಿಸಬಹುದು. ಇಂತಹ ಸರಕಿನ ಅಳತೆಗೆ ತಕ್ಕಂತೆ ಬೆಟ್ಟದ ಮೈಯನ್ನು ಬಳಸಿ ಕೊರೆದ ದಾರಿಯಲ್ಲಿ, ತುಂಡರಿಸಲಾಗದ ಮಹಾಪಾತ್ರವೊಂದು ಕೆಳಗಿನಿಂದ ಮೇಲಕ್ಕೆ ಏರಬೇಕಾದೀತೆಂದು ಆ ಕಾಲದ ಯಾವ ಎಂಜಿನಿಯರನೂ ಎಣಿಸಿರಲು ಕಾರಣವಿರಲಿಲ್ಲ.

ಬಂದರುಗಳ ಸ್ಥಿತಿಯೂ ಇದಕ್ಕೆ ಅನುಗುಣವಾಗಿಯೇ ಇತ್ತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯಲ್ಲಿ ಮರಳು ತುಂಬುತ್ತಿದ್ದುದರಿಂದ ದೊಡ್ಡ ಹಡಗುಗಳು ಮಂಗಳೂರಿನ ಹಳೆಯ ಧಕ್ಕೆಗೆ ಬರಲಾರದೆ ದೂರದ ಕಡಲಿನಲ್ಲಿ ಲಂಗರು ಹಾಕುತ್ತಿದ್ದುವು. ಸರಕು ಮಂಜಿಗಳಲ್ಲಿಯೂ ದೋಣಿಗಳಲ್ಲಿಯೂ ದಡವನ್ನು ಸೇರುತ್ತಿತ್ತು. ಮಳೆಗಾಲದಲ್ಲಿ ಆ ವ್ಯವಹಾರವೂ ನಿಲ್ಲುತ್ತಿತ್ತು. ದೋಣಿಯು ಹೊರಬಲ್ಲುದಷ್ಟೇ ದಡಕ್ಕೆ ಬರಬಲ್ಲುದಾದ ಕಡೆಯಲ್ಲಿ ಭಾರವಾದ ಯಂತ್ರಗಳಿಗೆ ಅವಕಾಶವೆಲ್ಲಿಯದು? ಮೈಸೂರು ಸಂಸ್ಥಾನಕ್ಕಂತೂ ಸ್ವಂತದ ಕಡಲತೀರವೇ ಇರಲಿಲ್ಲ. ಆದುದರಿಂದ ಆ ನಾಡು ಯಂತ್ರಯುಗವನ್ನು ಪ್ರವೇಶಿಸಿದಾಗ ಅದರ ದೊಡ್ಡ ಹೊರೆಗಳು ಪರಪ್ರಾಂತದ ಬಂದರಿನಲ್ಲಿ ಇಳಿದು ರೈಲಿನ ದಾರಿ ಹಿಡಿದು ಬರಬೇಕಾಯಿತು.

ಅಂತಹ ಮೊದಲ ಮಹಾಸಾಹಸವು ಶಿವನಸಮುದ್ರದ ವಿದ್ಯುದ್ಯೋಜನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಆರಂಭವಾಗಿ, ಅವರು 1901ರಲ್ಲಿ ಗತಿಸಿದ ತರುವಾಯ 1902ರ ಜೂನ್ ತಿಂಗಳಲ್ಲಿ ಫಲಿಸಿದ ಈ ಯೋಜನೆಯು, ಕಾವೇರಿಯ ಧುಮುಕುವಿಕೆಯಿಂದ ಹುಟ್ಟಿದ ಶಕ್ತಿಯನ್ನು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಮುಟ್ಟಿಸಿತು; ಆ ಕಾಲಕ್ಕೆ ಅದು ಲೋಕದ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಒಂದು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು, ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ಯೋಜನೆಯ ಕರ್ತೃವಾದ ಜೋಲಿ ದ ಲೋಟ್ಬಿನಿಯೇರ್ ಎಂಬ ಎಂಜಿನಿಯರನ ಹೆಸರನ್ನೂ ಯಂತ್ರಗಳ ಶಕ್ತಿಯನ್ನೂ ಚರಿತ್ರೆಯ ಪುಸ್ತಕಗಳು ಆದರದಿಂದ ಸ್ಮರಿಸುತ್ತವೆ. ಆದರೆ ಸಮುದ್ರವನ್ನೂ ರೈಲನ್ನೂ ದಾಟಿ ಮದ್ದೂರಿನ ನಿಲ್ದಾಣಕ್ಕೆ ಬಂದಿಳಿದ ಆ ಲೋಹದ ರಾಶಿಯು, ಅಲ್ಲಿಂದ ಮುಂದೆ ಮಳವಳ್ಳಿಯ ಕಡೆಯ ಸುಮಾರು 30 ಮೈಲಿಗಳ ನೆಲದ ದಾರಿಯನ್ನು ಆನೆಗಳ ಮತ್ತು ಎತ್ತುಗಳ ಬಲದಿಂದ ಕ್ರಮಿಸಿತೆಂಬುದನ್ನು ನೆನೆದಾಗ, ಆ ಯೋಜನೆಯ ಯಶಸ್ಸಿನಲ್ಲಿ ಮಾವುತರಿಗೂ ಗಾಡಿಯವರಿಗೂ ಇದ್ದ ಪಾಲು ಎಷ್ಟೆಂಬುದು ಮನವರಿಕೆಯಾಗುತ್ತದೆ. ಶಿವನಸಮುದ್ರದ ಯಂತ್ರಶಾಲೆಗೆ ನೀರನ್ನು ಇಳಿಸುವ ಉಕ್ಕಿನ ಕೊಳವೆಗಳೂ ಸಿಲಿಂಡರಿನ ಆಕಾರದ ಹೊರೆಗಳೇ. ಇಂದಿನ ಟ್ಯಾಂಕು, ಸೈಲೊಗಳ ಸಾಗಣೆಗೆ ಅವನ್ನು ಪೂರ್ವಜರೆಂದರೆ ತಪ್ಪಾಗದು.

ಭಾರವನ್ನು ಸಾಗಿಸುವ ವಿದ್ಯೆಯು ಆಗ ಪರದೇಶದಿಂದ ಬಂದುದೆಂದು ಭಾವಿಸಲಾಗದು. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಿಸಿದ, ನಲವತ್ತು ಅಡಿಗಳನ್ನು ಮೀರಿದ ಗೊಮ್ಮಟಮೂರ್ತಿಯನ್ನು ಬೇರೆಡೆ ಕಡೆದು ನುಣುಪಾದ ಬಂಡೆಗುಡ್ಡದ ಮೇಲಕ್ಕೆ ಎಳೆದು ತಂದರೆಂದು ಪರಂಪರೆಯು ಹೇಳುತ್ತದೆ. ಇಪ್ಪತ್ತು ಚಕ್ರಗಳ ಬಂಡಿಯೆಂದು ಒಂದು ಕಥನವೂ, ಸಾಲಾಗಿ ಜೋಡಿಸಿದ ಇಪ್ಪತ್ತು ಬಂಡಿಗಳೆಂದು ಇನ್ನೊಂದು ಕಥನವೂ ಇವೆ. ವಿವರದಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಎರಡೂ ಒಂದೇ: ಒಂದು ಮಹಾಭಾರವನ್ನು ಅನೇಕ ಚಕ್ರಗಳಿಗೆ ಹಂಚಿದರೆ ನೆಲವು ಅದನ್ನು ಸಹಿಸುತ್ತದೆ. ಐದು ಶತಮಾನಗಳು ಕಳೆದ ಬಳಿಕ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕಡೆದ 39 ಅಡಿಗಳ ಬಾಹುಬಲಿಯು 1973ರಲ್ಲಿ ಧರ್ಮಸ್ಥಳಕ್ಕೆ ಹೊರಟಾಗಲೂ ಪ್ರಯೋಗಕ್ಕೆ ಬಂದುದು ಈ ತತ್ತ್ವವೇ. ಬಹುಚಕ್ರದ ಟ್ರೇಲರಿನ ಮೇಲೆ ಮಲಗಿದ, 150 ಟನ್ನಿಗೂ ಮಿಗಿಲಾದ ಆ ಶಿಲೆಯನ್ನು ನೋಡಲು ದಾರಿಯುದ್ದಕ್ಕೂ ಊರಿಗೆ ಊರೇ ನೆರೆದಿತ್ತು.

ಇದಾದ ಒಂದೆರಡು ವರ್ಷಗಳಲ್ಲಿಯೇ ಕರಾವಳಿಯ ಭಾಗ್ಯವು ತಿರುಗಿತು. ಪಣಂಬೂರಿನಲ್ಲಿ ನಿರ್ಮಿತವಾದ ನವಮಂಗಳೂರು ಬಂದರನ್ನು 1974ರ ಮೇ ತಿಂಗಳಲ್ಲಿ ಪ್ರಧಾನ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಹಡಗು ನೇರವಾಗಿ ಧಕ್ಕೆಗೆ ತಗುಲಿ ನಿಲ್ಲುವಂತಾದುದರಿಂದ ದೋಣಿಯ ಅಳತೆಯು ಸರಕಿನ ಅಳತೆಯಾಗಿದ್ದ ಕಾಲವು ಮುಗಿಯಿತು. ಬಂದರಿನ ನೆರೆಯಲ್ಲಿಯೇ ರಸಗೊಬ್ಬರದ ಕಾರ್ಖಾನೆಯೂ, 1990ರ ದಶಕದಲ್ಲಿ ತೈಲ ಶುದ್ಧೀಕರಣಾಗಾರವೂ ತಲೆಯೆತ್ತಿದುವು. ದೊಡ್ಡ ಪಾತ್ರಗಳನ್ನು ಬೇಡುವ ಉದ್ಯಮಗಳು ಕಡಲಿನ ಮಗ್ಗುಲಲ್ಲಿಯೇ ನೆಲೆಸಿದುದರಲ್ಲಿ ಕಚ್ಚಾವಸ್ತುವಿನ ಲಾಭದೊಡನೆ ಸಾಗಣೆಯ ಲಾಭವೂ ಸೇರಿತ್ತು. ಘಟ್ಟದ ಮೇಲಿನ ಉದ್ಯಮಕ್ಕೆ ಪಾತ್ರವು ಬೇಕಾದಾಗಲೇ ನಿಜವಾದ ಪರೀಕ್ಷೆಯು ಆರಂಭವಾಗುವುದು.

ಇಷ್ಟು ದೊಡ್ಡ ಪಾತ್ರವನ್ನು ಬಿಡಿಭಾಗಗಳಾಗಿ ತಂದು ಸ್ಥಳದಲ್ಲಿಯೇ ಜೋಡಿಸಬಾರದೇಕೆ ಎಂಬ ಪ್ರಶ್ನೆಯು ಸಹಜವಾದುದು. ಕಚ್ಚಾತೈಲದ ವಿಶಾಲ ಟ್ಯಾಂಕುಗಳನ್ನು ಹಾಗೆಯೇ ತಗಡಿಗೆ ತಗಡು ಬೆಸೆದು ಕಟ್ಟುತ್ತಾರೆ. ಆದರೆ ಒಳಗೆ ಅಧಿಕ ಒತ್ತಡವನ್ನು ತಾಳಬೇಕಾದ ಪಾತ್ರಗಳು, ಅತಿಶೀತಲ ದ್ರವವನ್ನು ಎರಡು ಗೋಡೆಗಳ ನಡುವಣ ನಿರ್ವಾತದಿಂದ ರಕ್ಷಿಸುವ ಟ್ಯಾಂಕುಗಳು, ಒಳಮೈಯ ನುಣುಪೇ ಪ್ರಾಣವಾಗಿರುವ ಹುದುಗುಪಾತ್ರಗಳು ಬಯಲಿನಲ್ಲಿ ಹುಟ್ಟುವಂಥವಲ್ಲ. ದಪ್ಪ ತಗಡನ್ನು ಬಾಗಿಸಿ ಬೆಸೆದ ಮೇಲೆ ಬೆಸುಗೆಯಲ್ಲಿ ಅಡಗಿರುವ ಬಿಗಿತವನ್ನು ಕುಲುಮೆಯ ಶಾಖದಿಂದ ಸಡಿಲಿಸಬೇಕು. ಬೆಸುಗೆಯನ್ನು ಇಂಚಿಂಚಾಗಿ ಪರೀಕ್ಷಿಸಬೇಕು. ಇದಕ್ಕೆಲ್ಲ ಕಾರ್ಖಾನೆಯೇ ತಕ್ಕ ಸ್ಥಳ. ಹೀಗೆ ಅವಿಭಾಜ್ಯವಾಗಿ ಜನಿಸಿದ ಪಾತ್ರಕ್ಕೆ ರೈಲಿನ ನೆರವೂ ದೊರೆಯದು. 1979ರಲ್ಲಿ ಪೂರ್ಣವಾದ ಹಾಸನ–ಮಂಗಳೂರು ಮಾರ್ಗವು ಘಟ್ಟದಲ್ಲಿ 57 ಸುರಂಗಗಳನ್ನು ಹಾದುಹೋಗುತ್ತದೆ. ಸುರಂಗದ ಕಮಾನಿಗಿಂತ ಹಿರಿದಾದ ಹೊರೆಗೆ ಅಲ್ಲಿ ಪ್ರವೇಶವಿಲ್ಲ. ಉಳಿದುದು ರಸ್ತೆಯೊಂದೇ.

ಟ್ಯಾಂಕು, ಸೈಲೊಗಳ ಸಾಗಣೆಯಲ್ಲಿ ಭಾರಕ್ಕಿಂತಲೂ ಗಾತ್ರವೇ ಅನೇಕ ವೇಳೆ ಮುಖ್ಯ ವಿಘ್ನವಾಗುವುದು. ಅವು ಬರಿದಾಗಿ ಪ್ರಯಾಣ ಮಾಡುತ್ತವೆ; ತೆಳುಗೋಡೆಯ ಸೈಲೊವು ತನ್ನ ಭಾರದಿಂದ ತಾನೇ ಚಪ್ಪಟೆಯಾಗದಂತೆ ಒಳಗೆ ಅಡ್ಡಗಂಬಿಗಳನ್ನು ಕೊಟ್ಟು, ಕೆಳಗೆ ಬಾಗಿದ ಪೀಠಗಳನ್ನು ಇಟ್ಟು, ಸರಪಳಿಗಳಿಂದ ಬಿಗಿಯುತ್ತಾರೆ. ನಮ್ಮ ರಸ್ತೆಯ ನಿಯಮವು ಸಾಮಾನ್ಯ ಲಾರಿಗೆ 2.6 ಮೀಟರ್ ಅಗಲವನ್ನು ವಿಧಿಸಿರುವಲ್ಲಿ, ಐದಾರು ಮೀಟರ್ ವ್ಯಾಸದ ಪಾತ್ರವು ಎದುರು ಬರುವ ವಾಹನಕ್ಕೆ ಎಡೆಯಿಲ್ಲದಂತೆ ಇಡೀ ದಾರಿಯನ್ನು ಆಕ್ರಮಿಸುತ್ತದೆ. ಆದಕಾರಣ ಹೊರಡುವ ಮುನ್ನ ಬಹುದಿನಗಳ ಶೋಧವು ನಡೆಯಬೇಕು: ಪ್ರತಿಯೊಂದು ಮೋರಿಯನ್ನೂ ತಿರುವನ್ನೂ ಅಳೆಯಬೇಕು, ಸೇತುವೆಯು ಸಾಲದೆಡೆಯಲ್ಲಿ ಹೊಳೆಯ ಪಾತ್ರದಲ್ಲಿ ತಾತ್ಕಾಲಿಕ ದಾರಿಯನ್ನು ಮಾಡಬೇಕು, ರೈಲ್ವೆ ಗೇಟಿನಲ್ಲಿ ಮೇಲಿನ ತಂತಿಯ ವಿದ್ಯುತ್ತನ್ನು ನಿಲ್ಲಿಸುವ ಗಳಿಗೆಯನ್ನು ನಿಶ್ಚಯಿಸಬೇಕು. ಯಾತ್ರೆಯ ಕಾಲದಲ್ಲಿ ಲೈನ್‌ಮನ್‌ಗಳು ಮುಂದೆ ನಡೆದು ತಂತಿಗಳನ್ನು ಬಿಚ್ಚುತ್ತಲೋ ಎತ್ತುತ್ತಲೋ ಹೋದರೆ, ಹೊರೆಯು ದಾಟಿದ ಮೇಲೆ ಅವರೇ ಮತ್ತೆ ಕಟ್ಟುವರು.

ಇದಕ್ಕೆಲ್ಲ ಆಧಾರವಾದ ವಾಹನವೆಂದರೆ ಹೈಡ್ರಾಲಿಕ್ ಆಕ್ಸಲ್‌ಗಳ ಟ್ರೇಲರು. ಅದರ ಒಂದೊಂದು ಆಕ್ಸಲ್ಲೂ ಎಣ್ಣೆಯ ಒತ್ತಡದಿಂದ ಏರಿಳಿಯಬಲ್ಲುದು. ಆ ಒತ್ತಡದ ಕೊಳವೆಗಳು ಪರಸ್ಪರ ಕೂಡಿಕೊಂಡಿರುವುದರಿಂದ ನೆಲವು ತಗ್ಗಾದ ಕಡೆ ಚಕ್ರವು ಕೆಳಗಿಳಿದು, ಉಬ್ಬಾದ ಕಡೆ ಮೇಲೇರಿ, ಯಾವ ಒಂದು ಚಕ್ರದ ಮೇಲೂ ಮಿತಿಮೀರಿದ ಭಾರವು ಬೀಳದಂತೆ ಹೊರೆಯು ಸಮವಾಗಿ ಹಂಚಿಹೋಗುತ್ತದೆ. ಚಕ್ರಗಳೆಲ್ಲವೂ ತಿರುಗಬಲ್ಲುವಾದುದರಿಂದ ಉದ್ದವಾದ ಟ್ರೇಲರೂ ಕಠಿನವಾದ ತಿರುವಿಗೆ ಒಗ್ಗುತ್ತದೆ. ಏರಿನಲ್ಲಿ ಮುಂದಿನಿಂದ ಒಂದು ಎಂಜಿನ್ ಎಳೆದರೆ ಹಿಂದಿನಿಂದ ಇನ್ನೊಂದು ನೂಕುತ್ತದೆ. ಕಾರ್ಕಳದ ಇಪ್ಪತ್ತು ಚಕ್ರಗಳ ತತ್ತ್ವವೇ ಇಲ್ಲಿ ಉಕ್ಕು ಮತ್ತು ಎಣ್ಣೆಗಳ ಭಾಷೆಯಲ್ಲಿ ಪರಿಪೂರ್ಣತೆಯನ್ನು ಪಡೆದಿದೆ. ಸೇತುವೆಗಳ ಶಾಸ್ತ್ರವೂ ಈ ಹೊರೆಗಳಿಂದ ಪಾಠ ಕಲಿಯಿತು: ಹಿಂದೆ 70 ಟನ್ನಿನ ಸೈನಿಕವಾಹನವನ್ನು ಮಹಾಭಾರದ ಮಾದರಿಯಾಗಿ ಇಟ್ಟುಕೊಂಡಿದ್ದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯು, ಈಚೆಗೆ 385 ಟನ್ನುಗಳ ವಿಶೇಷ ವಾಹನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ದಾರಿಗೆ ತಕ್ಕ ಹೊರೆಯೆಂಬ ಪ್ರಾಚೀನ ನಿಯಮವು ಹೀಗೆ ಹೊರೆಗೆ ತಕ್ಕ ದಾರಿಯೆಂದು ಮಾರ್ಪಟ್ಟಿತು.

ಆದರೂ ಘಟ್ಟವು ತನ್ನ ಸ್ವಭಾವವನ್ನು ಬಿಟ್ಟಿಲ್ಲ. ಮಂಗಳೂರಿನಿಂದ ಸಕಲೇಶಪುರಕ್ಕೆ ಏರುವ ಶಿರಾಡಿಯ ದಾರಿಯು 2018ರಲ್ಲಿ ಮೊದಲು ಕಾಂಕ್ರೀಟಿನ ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ್ದು, ತೆರೆದ ಸ್ವಲ್ಪ ಕಾಲದಲ್ಲಿಯೇ ಮಳೆಯಿಂದ ಗುಡ್ಡವು ಕುಸಿದು ಮತ್ತೆ ನಿಂತುಹೋಯಿತು. ಆಗುಂಬೆಯ ತಿರುವುಗಳಂತೂ ಇಂತಹ ಹೊರೆಗೆ ಸರ್ವಥಾ ಅಸಾಧ್ಯ. ಬೆಂಗಳೂರಿನ ಕಡೆಗೆ ಹೋಗುವ ದೊಡ್ಡ ಪಾತ್ರಕ್ಕೆ ಸಮೀಪದ ಪಡುಗಡಲಿಗಿಂತ, ಮೆಲ್ಲಮೆಲ್ಲನೆ ಏರುವ ನೆಲವುಳ್ಳ ಮೂಡಣ ಕರಾವಳಿಯ ಬಂದರು ಅನುಕೂಲವಾಗಿ ಕಾಣುವುದು ಇದರಿಂದಲೇ. ಯಾವ ಊರಿನಲ್ಲಿ ಯಾವ ಕಾರ್ಖಾನೆಯು ಬೆಳೆಯಿತೆಂಬುದರ ಹಿಂದೆ ಬಂಡವಾಳ, ನೀರು, ವಿದ್ಯುತ್ತುಗಳೊಡನೆ ಒಂದು ತಿರುವಿನ ತ್ರಿಜ್ಯವೂ ಒಂದು ಸೇತುವೆಯ ಬಲವೂ ಕೆಲಸ ಮಾಡಿರುವುದನ್ನು ನಾಡಿನ ಆರ್ಥಿಕ ಚರಿತ್ರೆಯನ್ನು ಬರೆಯುವವರು ಮರೆಯಬಾರದು.

ಅದಕ್ಕಿಂತಲೂ ಮರೆಯಬಾರದವರು ಈ ವೃತ್ತಿಯ ಜನ. ಯಾವ ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಯಾವ ಕ್ಷಣದಲ್ಲಿ ತಿರುಗಿಸಬೇಕು, ಮಳೆ ನೆನೆದ ರಸ್ತೆಯ ಅಂಚು ಎಷ್ಟು ಭಾರವನ್ನು ತಾಳೀತು, ಇಳಿಜಾರಿನಲ್ಲಿ ಹೊರೆಯು ಎತ್ತ ವಾಲೀತು ಎಂಬ ಅರಿವು ನಕ್ಷೆಗಳಲ್ಲಿಲ್ಲ. ಅದು ಹಿರಿಯ ಚಾಲಕನಿಂದ ಕಿರಿಯನಿಗೆ, ದಾರಿಯ ಮೇಲೆಯೇ, ಬಾಯಿಂದ ಕಿವಿಗೆ ಸಾಗಿ ಬಂದ ವಿದ್ಯೆ. ಮದ್ದೂರಿನಿಂದ ಶಿವನಸಮುದ್ರಕ್ಕೆ ಯಂತ್ರಗಳನ್ನು ಮುಟ್ಟಿಸಿದ ಮಾವುತರ ಅಂತಹ ವಿದ್ಯೆಯನ್ನು ಬರೆದಿಟ್ಟುಕೊಳ್ಳುವ ಎಚ್ಚರವು ಅಂದು ನಮಗೆ ಇರಲಿಲ್ಲ; ಅವರ ಹೆಸರುಗಳೊಡನೆ ಆ ಜ್ಞಾನವೂ ಅಳಿದುಹೋಯಿತು. ಇಂದಿನವರಾದರೋ ನಮ್ಮ ನಡುವೆಯೇ ಇದ್ದಾರೆ, ಕೇಳಿದರೆ ಹೇಳಬಲ್ಲರು. ಅವರ ಅನುಭವವನ್ನು ಸಂಗ್ರಹಿಸಿ, ಘಟ್ಟದ ಒಂದೊಂದು ದಾರಿಯು ಹೊತ್ತ ಮಹಾಹೊರೆಗಳ ವೃತ್ತಾಂತವನ್ನು ದಾಖಲಿಸುವುದು ನಮ್ಮ ವಿಶ್ವವಿದ್ಯಾಲಯಗಳೂ ಎಂಜಿನಿಯರಿಂಗ್ ವಿದ್ಯಾಲಯಗಳೂ ಈ ತಲೆಮಾರಿನಲ್ಲಿಯೇ ಕೈಗೊಳ್ಳತಕ್ಕ ಕಾರ್ಯ.